ಓದಿನ ಹಸಿವು ದೊಡ್ಡದು, ಕಿಸೆ ಸಣ್ಣದು: ಇ-ರೀಡರ್ ಕೊಳ್ಳುವಾಗ ನಾವು ಹಾಕಿದ ಲೆಕ್ಕ

ನಾವು ಅಕ್ಕ-ತಂಗಿ ಇಬ್ಬರೂ ಬೇಗ ಓದುವವರು. ಇನ್ನೂರೈವತ್ತು ಪುಟದ ಕಾದಂಬರಿ ನಮಗೆ ಎರಡು ರಾತ್ರಿಗೆ ಮುಗಿಯುತ್ತದೆ. ಕಥೆ ಹಿಡಿದುಕೊಂಡರೆ ಒಂದೇ ರಾತ್ರಿ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಖರ್ಚಿನ ವಿಷಯವಾಗಿ ಹೇಳುತ್ತಿದ್ದೇವೆ. ಉಣ್ಣುವ ಬಾಯಿ ಜಾಸ್ತಿ ಇರುವ ಮನೆಯಲ್ಲಿ ಜೋಳದ ಚೀಲ ಬೇಗ ಖಾಲಿಯಾಗುವ ಹಾಗೆ, ನಮ್ಮ ಮನೆಯಲ್ಲಿ ಪುಸ್ತಕ ಬೇಗ ಖಾಲಿಯಾಗುತ್ತದೆ.

ನಮ್ಮೂರು ಹಾವೇರಿ ಜಿಲ್ಲೆಯ ಒಂದು ಸಣ್ಣ ಊರು. ನಮ್ಮಲ್ಲಿ ಒಬ್ಬಳು ಪತ್ರಿಕೋದ್ಯಮ ಓದಿ ತಾಲ್ಲೂಕಿನಿಂದ ಸುದ್ದಿ ಕಳಿಸುತ್ತಾಳೆ, ಸುದ್ದಿಗೆ ಇಷ್ಟು ಅಂತ ದುಡ್ಡು ಬರುತ್ತದೆ. ಇನ್ನೊಬ್ಬಳು ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಇಬ್ಬರೂ ಸೇರಿ ಪುಸ್ತಕಕ್ಕೆ ಅಂತ ತೆಗೆದಿಡಲು ಆಗುವುದು ತಿಂಗಳಿಗೆ ನಾಲ್ಕು ನೂರು, ಐದು ನೂರು.

ಊರಲ್ಲಿ ಪಂಚಾಯಿತಿ ಗ್ರಂಥಾಲಯ ಇದೆ. 2019ರಲ್ಲಿ ಈ ಗ್ರಂಥಾಲಯಗಳೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು, ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿದೆ. ಮಕ್ಕಳು ಬರುತ್ತಾರೆ, ಪೇಪರ್ ಓದುವ ಹಿರಿಯರು ಬರುತ್ತಾರೆ. ಆದರೆ ಅಲ್ಲಿನ ಕಾದಂಬರಿಯ ಎರಡು ಕಪಾಟನ್ನು ನಾವು ಎಂದೋ ಓದಿ ಮುಗಿಸಿದ್ದೇವೆ. ಮೇಲ್ವಿಚಾರಕರು ನಮ್ಮನ್ನು ಕಂಡರೆ, “ಹೊಸದು ಏನೂ ಬಂದಿಲ್ರವಾ, ಹಳೇದನ್ನ ಮತ್ತೊಮ್ಮೆ ಓದ್ರಿ” ಅನ್ನುತ್ತಾರೆ. ಮತ್ತೊಮ್ಮೆಯೂ ಓದಿದ್ದೇವೆ.

ಉಳಿದದ್ದು ಫೋನು. ನೀವು ಇದನ್ನು ಓದುತ್ತಿರುವುದೂ ಫೋನಿನಲ್ಲೇ. ಐದು ನಿಮಿಷದ ಬರಹಕ್ಕೆ ಫೋನು ಸಾಕು. ಮೂರು ತಾಸು ಕಾದಂಬರಿ ಓದಿದರೆ ಕಣ್ಣು ಉರಿಯುತ್ತದೆ, ನಡುವೆ ವಾಟ್ಸಾಪ್ ಟಿಣ್ ಅನ್ನುತ್ತದೆ, ಒಂದು ರೀಲ್ಸ್ ನೋಡಿ ಬರೋಣ ಅಂತ ಹೋದವರು ಅರ್ಧ ತಾಸು ವಾಪಸ್ ಬರುವುದಿಲ್ಲ. ಹಾಗಾಗಿ ಇಬ್ಬರೂ ಸೇರಿ ಒಂದು ಇ-ರೀಡರ್ ಕೊಳ್ಳೋಣ ಅಂತ ಕೂತೆವು. ಬಜೆಟ್ಟು ಐದು ಸಾವಿರ. ಅಪ್ಪ ಒಂದೇ ಮಾತು ಕೇಳಿದರು: “ಅಷ್ಟು ರೊಕ್ಕದಾಗ ಒಂದು ಕಪಾಟು ತುಂಬ ಪುಸ್ತಕ ಬರ್ತಾವಲ್ಲವ್ವಾ?” ಅದಕ್ಕೆ ಸರಿಯಾದ ಉತ್ತರ ಕೊಡಬೇಕು ಅಂತಲೇ ನಾವು ಒಂದು ತಿಂಗಳು ಲೆಕ್ಕ ಹಾಕಿದ್ದು.

ಇದು ಟ್ಯಾಬ್ ಅಲ್ಲ

ಮೊದಲು ಇದೇನು ವಸ್ತು ಅಂತ ಹೇಳಿಬಿಡುತ್ತೇವೆ. ಇ-ರೀಡರ್ ನೋಡಲು ಸಣ್ಣ ಟ್ಯಾಬ್ ಥರ ಇದ್ದರೂ ಪರದೆ ಬೇರೆ. ಫೋನಿನ ಪರದೆ ದೀಪದ ಹಾಗೆ ನಮ್ಮ ಕಣ್ಣಿಗೆ ಬೆಳಕು ಬಿಡುತ್ತದೆ. ಇ-ರೀಡರಿನ ಪರದೆಯ ಒಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು ಇರುತ್ತವೆ, ಅವುಗಳೊಳಗೆ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಕಣ ಮೇಲೆ ಬಂದ ಕಡೆ ಅಕ್ಷರ, ಬಿಳಿ ಬಂದ ಕಡೆ ಕಾಗದ. ಒಮ್ಮೆ ಪುಟ ಮೂಡಿದ ಮೇಲೆ ಅದು ಹಾಗೇ ನಿಲ್ಲುತ್ತದೆ, ಕರೆಂಟು ಬೇಕಾಗುವುದು ಮುಖ್ಯವಾಗಿ ಪುಟ ತಿರುಗಿಸುವಾಗ. ಅದಕ್ಕೇ ಇದನ್ನು ಹೊಲದ ಬದುವಿನ ಮೇಲೆ ಕೂತು ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಓದಬಹುದು. ಈ ಪರದೆ ಮಾಡುವ ಇ-ಇಂಕ್ ಕಂಪನಿ ಅಮೆರಿಕದ ಎಂಐಟಿ ಪ್ರಯೋಗಾಲಯದ ಕೆಲಸದಿಂದ 1997ರಲ್ಲಿ ಹುಟ್ಟಿತು. ಅಮೆಜಾನಿನ ಕಿಂಡಲ್ ಬಂದದ್ದು 2007ರಲ್ಲಿ.

ಇದರಲ್ಲಿ ವಿಡಿಯೋ ಸರಿಯಾಗಿ ಓಡುವುದಿಲ್ಲ. ಮಾಮೂಲಿ ಮಾದರಿಗಳಲ್ಲಿ ಬಣ್ಣವೂ ಇಲ್ಲ, ವಾಟ್ಸಾಪೂ ಇಲ್ಲ. ನಮಗೆ ಬೇಕಾಗಿದ್ದು ಅದೇ.

ಬೇಗ ಓದುವವರಿಗೆ ಏನು ಬೇಕು, ಏನು ಬೇಡ

ಅಂಗಡಿಯವರು, ಜಾಹೀರಾತಿನವರು ಹೇಳುವುದು ಎಲ್ಲರಿಗೂ ಒಂದೇ ಮಾತು. ಬೇಗ ಓದುವವರು ಆ ಮಾತನ್ನು ತಮ್ಮ ಲೆಕ್ಕಕ್ಕೆ ತಿರುಗಿಸಿಕೊಳ್ಳಬೇಕು.

ಬ್ಯಾಟರಿ ನೋಡಿ. ‘ಒಮ್ಮೆ ಚಾರ್ಜ್ ಮಾಡಿದರೆ ಆರು ವಾರ’ ಅಂತ ಬರೆದಿರುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ದಿನಕ್ಕೆ ಅರ್ಧ ಗಂಟೆ ಓದಿದರೆ, ವೈಫೈ ಆಫ್ ಇದ್ದರೆ’ ಅಂತ ಇರುತ್ತದೆ. ಆರು ವಾರ ಅಂದರೆ 42 ದಿನ, ದಿನಕ್ಕೆ ಅರ್ಧ ಗಂಟೆ ಅಂದರೆ ಒಟ್ಟು 21 ಗಂಟೆ. ನಮ್ಮ ಹಾಗೆ ದಿನಕ್ಕೆ ಮೂರು ಗಂಟೆ ಓದುವವರಿಗೆ ಅದು ಒಂದೇ ವಾರ. ಒಂದು ವಾರವೂ ನಮಗೆ ಸಾಕು, ಕರೆಂಟು ಎರಡು ದಿನ ಹೋದರೂ ಓದು ನಿಲ್ಲುವುದಿಲ್ಲ. ಆದರೆ ಹಳೆಯ ಯಂತ್ರ ಕೊಂಡರೆ ಬ್ಯಾಟರಿ ಅರ್ಧ ಸವೆದಿರುತ್ತದೆ, ಆಗ ಒಂದು ವಾರ ಮೂರು ದಿನಕ್ಕೆ ಇಳಿಯುತ್ತದೆ ಅಂತ ಗೊತ್ತಿರಬೇಕು.

ಜಿಬಿ ಲೆಕ್ಕಕ್ಕೆ ಮರುಳಾಗಬೇಡಿ. ಅಕ್ಷರ ಮಾತ್ರ ಇರುವ ಒಂದು ಕಾದಂಬರಿಯ ಕಡತ ಸುಮಾರು ಒಂದು ಎಂಬಿ, ಎಷ್ಟೋ ಸಲ ಅದಕ್ಕಿಂತ ಕಡಿಮೆ. 8 ಜಿಬಿಯಲ್ಲಿ ಸಾವಿರಾರು ಪುಸ್ತಕ ಹಿಡಿಯುತ್ತವೆ. ವಾರಕ್ಕೆ ಎರಡರಂತೆ ಓದಿದರೂ ಸಾವಿರ ಪುಸ್ತಕಕ್ಕೆ ಹತ್ತು ವರ್ಷ ಬೇಕು. ದೊಡ್ಡ ಜಿಬಿಗೆ ಹೆಚ್ಚು ದುಡ್ಡು ಕೊಡುವುದು, ಇಬ್ಬರೇ ಇರುವ ಮನೆಗೆ ಹಗೇವು ತೋಡಿಸಿದ ಹಾಗೆ.

ದುಡ್ಡು ಕೊಡಬೇಕಾದದ್ದು ಅಕ್ಷರದ ನಯಕ್ಕೆ. ಒಂದು ಇಂಚಿಗೆ ಎಷ್ಟು ಚುಕ್ಕೆ ಅಂತ ಲೆಕ್ಕ ಇರುತ್ತದೆ. ಕಿಂಡಲ್‌ನ 2019ರ ಅಗ್ಗದ ಮಾದರಿಗೆ 167 ಚುಕ್ಕೆ, 2022ರದ್ದಕ್ಕೆ 300. ಇಂಗ್ಲಿಷ್ ಅಕ್ಷರ 167ರಲ್ಲೂ ಓಡುತ್ತದೆ. ಕನ್ನಡದ್ದು ಹಾಗಲ್ಲ. ಒತ್ತಕ್ಷರ ಕೆಳಗೆ ಸಣ್ಣದಾಗಿ ಕೂರುತ್ತದೆ. ‘ಷ್ಟ್ರ’ದಂಥದ್ದು ಬಂದರೆ ಕಣ್ಣು ಒಂದು ಕ್ಷಣ ನಿಲ್ಲುತ್ತದೆ. ನಿಧಾನ ಓದುವವರಿಗೆ ಅದು ಗೊತ್ತಾಗುವುದಿಲ್ಲ. ಬೇಗ ಓದುವವರ ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುತ್ತಿರುತ್ತದೆ, ಅದಕ್ಕೆ ಪ್ರತಿ ಪುಟದಲ್ಲೂ ಹತ್ತು ಸಲ ಎಡವಿದ ಹಾಗಾಗುತ್ತದೆ. ಕನ್ನಡ ಓದುವವರು 300ಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ನಮ್ಮ ಅಭಿಪ್ರಾಯ.

ಇನ್ನೊಂದು, ಪುಟ ತಿರುಗುವ ವೇಗ. ಆರು ಇಂಚಿನ ಪರದೆಯಲ್ಲಿ ಅಕ್ಷರ ಸ್ವಲ್ಪ ದೊಡ್ಡದು ಮಾಡಿಕೊಂಡರೆ ನಾವು ಇಪ್ಪತ್ತು ಸೆಕೆಂಡಿಗೊಮ್ಮೆ ಪುಟ ತಿರುಗಿಸುತ್ತೇವೆ, ಅಂದರೆ ಗಂಟೆಗೆ 180 ಸಲ. ಯಂತ್ರ ಪ್ರತಿ ಸಲವೂ ತಡವರಿಸಿದರೆ ರೇಗಿ ಹೋಗುತ್ತದೆ. ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ಇಪ್ಪತ್ತು ಪುಟ ಸರಸರ ತಿರುಗಿಸಿ ನೋಡಲೇಬೇಕು. ಮತ್ತೆ, ಯಂತ್ರದಲ್ಲೇ ದೀಪ ಇರಬೇಕು. ಆ ದೀಪ ಅಂಚಿನಿಂದ ಪುಟದ ಮೇಲೆ ಬೀಳುವಂಥದ್ದು, ಕಣ್ಣಿಗೆ ಹೊಡೆಯುವುದಿಲ್ಲ. ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುವ ಮನೆಯಲ್ಲಿ ರಾತ್ರಿ ಓದಲು ಅದೇ ಗತಿ.

ಯಂತ್ರಕ್ಕಿಂತ ಪುಸ್ತಕ ದುಬಾರಿ

ಇಲ್ಲಿಂದ ಮುಂದಿನದ್ದೇ ಅಸಲಿ ಲೆಕ್ಕ. ಕಿಂಡಲ್‌ನ 2022ರ ಮೂಲ ಮಾದರಿ ಬಂದಾಗ ಬೆಲೆ ₹9,999 ಇತ್ತು. ಅದು ಒಮ್ಮೆ ಕೊಡುವ ದುಡ್ಡು. ಪುಸ್ತಕ ಹಾಗಲ್ಲ. ವಾರಕ್ಕೆ ಎರಡರಂತೆ ವರ್ಷಕ್ಕೆ ನೂರು ಪುಸ್ತಕ, ಒಂದಕ್ಕೆ ನೂರು ರೂಪಾಯಿ ಅಂತ ಹಿಡಿದರೂ ಹತ್ತು ಸಾವಿರ. ಪ್ರತಿ ವರ್ಷ ಒಂದು ಹೊಸ ಯಂತ್ರ ಕೊಂಡ ಹಾಗೆ. ತಿಂಗಳಿಗೆ ಒಂದು ಪುಸ್ತಕ ಓದುವವರಿಗೆ ಯಂತ್ರದ ಬೆಲೆ ಮುಖ್ಯ. ನಮ್ಮಂಥವರಿಗೆ ‘ಈ ಯಂತ್ರದಲ್ಲಿ ಪುಕ್ಕಟೆ ಅಥವಾ ಅಗ್ಗದ ಪುಸ್ತಕ ಎಷ್ಟು ಸಿಗುತ್ತದೆ’ ಅನ್ನುವುದೇ ಮುಖ್ಯ.

ಇಂಗ್ಲಿಷಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಪ್ರಾಜೆಕ್ಟ್ ಗುಟೆನ್‌ಬರ್ಗ್ 1971ರಿಂದ ಹಳೆಯ ಪುಸ್ತಕಗಳನ್ನು ಪುಕ್ಕಟೆ ಕೊಡುತ್ತಿದೆ. ಷರ್ಲಾಕ್ ಹೋಮ್ಸ್ ಬೇಕೆ, ಡಿಕನ್ಸ್ ಬೇಕೆ, ಜೇನ್ ಆಸ್ಟೆನ್ ಬೇಕೆ, ಒಂದು ಒತ್ತಿಗೆ ಬರುತ್ತದೆ. ಇ-ರೀಡರಿಗೆ ಹೊಂದುವ ಇಪಬ್ ಕಡತ, ಅಕ್ಷರ ದೊಡ್ಡದು ಚಿಕ್ಕದು ಮಾಡಿಕೊಳ್ಳಬಹುದು. ಜೀವಮಾನಕ್ಕೆ ಆಗುವಷ್ಟು ಓದು ಅಲ್ಲಿದೆ.

ಕನ್ನಡದಲ್ಲಿ?

ಕನ್ನಡಕ್ಕೆ ಬಂದಾಗ

2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ನಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಕಿಂಡಲ್ಲಿಗೂ ಕನ್ನಡ ಬೇಕು ಅಂತ ಕನ್ನಡಿಗರು ಜಾಲತಾಣಗಳಲ್ಲಿ ಕೂಗಿ ಕೇಳಿದ್ದು ಅನೇಕರಿಗೆ ನೆನಪಿರಬಹುದು. ಆ ಹೊತ್ತಿನಲ್ಲಿ ಕನ್ನಡದ ಇ-ಪುಸ್ತಕಗಳು ಬೇರೆ ದಾರಿ ಹಿಡಿದವು. ಮೈಲ್ಯಾಂಗ್, ವಿವಿಡ್‌ಲಿಪಿ, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಇವತ್ತು ಒಳ್ಳೊಳ್ಳೆಯ ಕನ್ನಡ ಪುಸ್ತಕ ಸಿಗುತ್ತವೆ. ಆದರೆ ಆ್ಯಪ್‌ನಲ್ಲಿ ಕೊಂಡದ್ದನ್ನು ಸಾಮಾನ್ಯವಾಗಿ ಆ ಆ್ಯಪ್‌ನಲ್ಲೇ ಓದಬೇಕು, ಅಗ್ಗದ ಇ-ರೀಡರಿನಲ್ಲಿ ಆ್ಯಪ್ ಹಾಕಲು ಬರುವುದಿಲ್ಲ. ಆಂಡ್ರಾಯ್ಡ್ ಇರುವ ಬೂಕ್ಸ್‌ನಂಥ ಇ-ರೀಡರ್ ಇದೆ, ಅದರಲ್ಲಿ ಹಾಕಬಹುದು. ಅದರ ಬೆಲೆ ನಮ್ಮ ಬಜೆಟ್ಟಿನ ಮೂರು ನಾಲ್ಕು ಪಟ್ಟು.

ಪುಕ್ಕಟೆ ಸಿಗುವ ಕನ್ನಡ ಪುಸ್ತಕವೂ ಬೇಕಾದಷ್ಟಿದೆ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಇದೆ. ಆದರೆ ಸ್ಕ್ಯಾನ್ ಅಂದರೆ ಪುಟದ ಫೋಟೋ. ಅದನ್ನು ಆರು ಇಂಚಿನ ಪರದೆಗೆ ಇಳಿಸಿದರೆ ಅಕ್ಷರ ಇರುವೆಯಾಗುತ್ತದೆ, ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯ ಆಚೆ ಹೋಗುತ್ತದೆ. ಎಡಕ್ಕೆ ಬಲಕ್ಕೆ ಎಳೆಯುತ್ತಾ ಓದುವುದು ಬೇಗ ಓದುವವರಿಗೆ ಶಿಕ್ಷೆ. ಕೆ2ಪಿಡಿಎಫ್‌ಆಪ್ಟ್ ಅನ್ನುವ ಪುಕ್ಕಟೆ ತಂತ್ರಾಂಶ ಪುಟವನ್ನು ಕತ್ತರಿಸಿ ಸಣ್ಣ ಪರದೆಗೆ ಜೋಡಿಸಿಕೊಡುತ್ತದೆ. ಸ್ಕ್ಯಾನ್ ಸ್ವಚ್ಛ ಇದ್ದರೆ ಪರವಾಗಿಲ್ಲ, ಕಲೆ ಬಿದ್ದ ಹಳೆ ಪುಟಗಳಿದ್ದರೆ ಒತ್ತಕ್ಷರವನ್ನು ಒಂದು ಕಡೆ, ಅಕ್ಷರವನ್ನು ಇನ್ನೊಂದು ಕಡೆ ಕೂರಿಸುತ್ತದೆ.

ಇನ್ನು, ಗೆಳೆಯರು ಕಳಿಸುವ ಟೈಪ್ ಮಾಡಿದ ಕಡತಗಳು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯುನಿಕೋಡ್ ಅಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ. ಯುನಿಕೋಡಿಗೆ ಬದಲಾಯಿಸುವ ಪುಕ್ಕಟೆ ಪರಿವರ್ತಕಗಳಿವೆ. ಬದಲಾಯಿಸಿ, ಕ್ಯಾಲಿಬರ್ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ಇಪಬ್ ಮಾಡಿಕೊಳ್ಳಬೇಕು. ಇದಕ್ಕೆ ಕಂಪ್ಯೂಟರ್ ಬೇಕು. ನಮ್ಮ ಹತ್ತಿರ ಹಳೆಯದೊಂದು ಲ್ಯಾಪ್‌ಟಾಪ್ ಇದೆ, ಇಲ್ಲದವರು ಈ ದಾರಿ ನೆಚ್ಚಿಕೊಳ್ಳಬೇಡಿ.

ನಿಜವಾಗಿ ನಮಗೆ ದಾರಿ ತೋರಿಸಿದ್ದು ಕನ್ನಡ ವಿಕಿಸೋರ್ಸ್. ಅಲ್ಲಿರುವ ಪುಸ್ತಕಗಳು ಯುನಿಕೋಡಿನಲ್ಲಿವೆ, ನೇರ ಇಪಬ್ ಇಳಿಸಿಕೊಳ್ಳಬಹುದು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು, ಯಾರು ಬೇಕಾದರೂ ಓದಬಹುದು, ಹಂಚಬಹುದು. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷದ ತನಕ ಹಕ್ಕುಸ್ವಾಮ್ಯ ಇರುತ್ತದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿಯಿಂದ ಎಲ್ಲರ ಸ್ವತ್ತು. ಇದು ತಿಳಿದ ದಿನ ನಮಗೆ ಹಬ್ಬದಷ್ಟು ಖುಷಿಯಾಯಿತು. ಅವ್ವ ಹರೆಯದಲ್ಲಿ ಕದ್ದು ಓದಿದ ಕಾದಂಬರಿಗಳು ಅವು.

ಕೊನೆಗೆ ಕೊಂಡದ್ದು

ಐದು ಸಾವಿರದಲ್ಲಿ ಹೊಸದು ಬರುವುದಿಲ್ಲ ಅಂತ ಗೊತ್ತಾದ ಮೇಲೆ ಹಳೆಯದು ಹುಡುಕಿದೆವು. ಹುಬ್ಬಳ್ಳಿಯಲ್ಲಿ ಮಾರುವವರು ಸಿಕ್ಕರು. ಹೋಗುವಾಗ ಪೆನ್‌ಡ್ರೈವ್, ಕೇಬಲ್ಲು, ನಮ್ಮ ಲ್ಯಾಪ್‌ಟಾಪ್ ಎಲ್ಲ ಒಯ್ದೆವು, ಒಂದು ಪರೀಕ್ಷೆಯ ಕಡತವನ್ನೂ ಮಾಡಿಕೊಂಡು ಹೋದೆವು. ಅದರಲ್ಲಿ ಒಂದು ಪುಟ ಮಾತ್ರ: ರಾಷ್ಟ್ರ, ಸ್ತ್ರೀ, ಜ್ಞಾನ, ಕೃಷ್ಣ, ಸೂರ್ಯ, ಅರ್ಘ್ಯ, ಉಜ್ಜ್ವಲ. ಈ ಏಳು ಪದ ಸರಿಯಾಗಿ ಕಂಡರೆ ಕನ್ನಡ ಸರಿಯಾಗಿ ಕಾಣುತ್ತದೆ ಅಂತ ನಂಬಬಹುದು.

ಮೊದಲು ನೋಡಿದ ಯಂತ್ರದಲ್ಲಿ ‘ರಾಷ್ಟ್ರ’ ಮೂರು ತುಂಡಾಗಿ ಕಂಡಿತು. ಎರಡನೆಯದರಲ್ಲಿ ಕನ್ನಡ ಚೆನ್ನಾಗಿತ್ತು, ಆದರೆ ಯಂತ್ರ ಇನ್ನೂ ಹಿಂದಿನವರ ಖಾತೆಗೆ ಕಟ್ಟಿಕೊಂಡಿತ್ತು, ಮಾರುವವರಿಗೆ ಅದನ್ನು ಬಿಡಿಸಲು ಆಗಲಿಲ್ಲ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಮೂರನೆಯದು ಆರು ಇಂಚು, 300 ಚುಕ್ಕೆ, 8 ಜಿಬಿ, ದೀಪ ಇದ್ದದ್ದು. ಏಳೂ ಪದ ಸರಿ ಬಂದವು. ಹಿಂದಿನ ಖಾತೆಯನ್ನು ನಮ್ಮ ಕಣ್ಣೆದುರೇ ತೆಗೆಸಿ, ಪರದೆಯ ಮೇಲೆ ಗೆರೆ, ಚುಕ್ಕೆ ಇಲ್ಲ ಅಂತ ಬಿಳಿ ಪುಟ ತೆರೆದು ನೋಡಿ, ₹4,500 ಕೊಟ್ಟೆವು. ಉಳಿದ ಐನೂರರಲ್ಲಿ ಗಟ್ಟಿ ಕವರ್. ಈ ಪರದೆ ಒಡೆದರೆ ಹೊಸ ಪರದೆಯ ಖರ್ಚು ಯಂತ್ರದ ಬೆಲೆಯ ಹತ್ತಿರ ಹೋಗುತ್ತದೆ. ಬಸ್ಸಿನ ನೂಕುನುಗ್ಗಲು ಇರುವ ನಮಗೆ ಕವರ್ ಬೇಕೇ ಬೇಕು.

ಐದು ತಿಂಗಳ ನೋಟ್‌ಬುಕ್

ಓದಿದ ಪುಸ್ತಕದ ಹೆಸರು ಬರೆದಿಡುವ ರೂಢಿ ನಮಗೆ ಹೈಸ್ಕೂಲಿನಿಂದ ಇದೆ. ಯಂತ್ರ ಬಂದು ಐದು ತಿಂಗಳಿಗೆ ಲೆಕ್ಕ ಮಾಡಿದೆವು. ಅದರಲ್ಲಿ ಓದಿದ್ದು 38 ಪುಸ್ತಕ. ಹಾಕಿದ ದುಡ್ಡನ್ನು ಭಾಗಿಸಿದರೆ ಒಂದು ಪುಸ್ತಕಕ್ಕೆ ನೂರಾ ಮೂವತ್ತು ರೂಪಾಯಿ ಚಿಲ್ಲರೆ, ವರ್ಷ ಮುಗಿಯುವಷ್ಟರಲ್ಲಿ ಅದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅಪ್ಪನಿಗೆ ಈ ಲೆಕ್ಕ ತೋರಿಸಿದೆವು, ಅವರು ತಲೆಯಾಡಿಸಿದರು.

ಆದರೆ ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಲೆಕ್ಕ ಇತ್ತು. ಆ 38ರಲ್ಲಿ ಕನ್ನಡದವು ಒಂಬತ್ತು. ಉಳಿದ 29 ಇಂಗ್ಲಿಷ್. ಅದರ ಹಿಂದಿನ ವರ್ಷ, ಕಾಗದದ ಪುಸ್ತಕ ಮಾತ್ರ ಓದುತ್ತಿದ್ದಾಗ, ಹತ್ತರಲ್ಲಿ ಎಂಟು ಕನ್ನಡವೇ ಇದ್ದವು. ಇಂಗ್ಲಿಷ್ ಓದಬೇಕು ಅಂತ ನಾವೇನೂ ತೀರ್ಮಾನ ಮಾಡಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಪುಸ್ತಕ ಮುಗಿದು, ಇನ್ನೂ ನಿದ್ದೆ ಬಾರದಿದ್ದಾಗ, ಕೈಗೆ ಸುಲಭವಾಗಿ ಸಿಗುವುದನ್ನು ತೆರೆಯುತ್ತೇವೆ. ಸುಲಭವಾಗಿ ಸಿಗುವುದು ಇಂಗ್ಲಿಷ್. ಬೇಗ ಓದುವವರ ಹಸಿವಿಗೆ ಕಾಯುವ ತಾಳ್ಮೆ ಇಲ್ಲ, ಎದುರಿಗೆ ಬಡಿಸಿದ್ದನ್ನು ಉಣ್ಣುತ್ತದೆ. ಇಂಗ್ಲಿಷ್ ಓದಿದ್ದರಿಂದ ಲಾಭವೂ ಆಗಿದೆ. ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುವುದರಿಂದ ಮೊದಲು ಹೆದರುತ್ತಿದ್ದ ಪುಸ್ತಕಗಳನ್ನೂ ಈಗ ಧೈರ್ಯವಾಗಿ ಹಿಡಿಯುತ್ತೇವೆ. ಆದರೂ ಬರೆಯುವ ಕೆಲಸ ನಮ್ಮದು ಕನ್ನಡದಲ್ಲಿ. ಓದುವ ಭಾಷೆ ಒಂದು, ಬರೆಯುವ ಭಾಷೆ ಒಂದು ಆದರೆ ವಾಕ್ಯ ಒಣಗುತ್ತದೆ.

ಹಾಗಾಗಿ ಈಗ ಮನೆಯಲ್ಲಿ ಒಂದು ಕಟ್ಟಳೆ: ಯಂತ್ರದಲ್ಲಿ ಒಂದು ಇಂಗ್ಲಿಷ್ ಮುಗಿದರೆ ಮುಂದಿನದು ಕನ್ನಡವೇ. ಯಂತ್ರದಲ್ಲಿ ಕನ್ನಡ ಸಿಗದಿದ್ದರೆ ಕಾಗದದ್ದು. ತಿಂಗಳ ನಾಲ್ಕು ನೂರು ಈಗ ಪೂರ್ತಿ ಕನ್ನಡ ಪುಸ್ತಕಕ್ಕೇ ಹೋಗುತ್ತದೆ, ಇಂಗ್ಲಿಷಿಗೆ ಒಂದು ರೂಪಾಯಿಯೂ ಬೇಕಾಗಿಲ್ಲ.

ನೀವು ಕೊಳ್ಳಬೇಕೋ ಬೇಡವೋ? ನಮ್ಮನ್ನು ಕೇಳಿದರೆ ಹೀಗೆ ಹೇಳುತ್ತೇವೆ. ತಿಂಗಳಿಗೆ ಒಂದೆರಡು ಪುಸ್ತಕ ಓದುವವರಾದರೆ ಬೇಡ, ಆ ದುಡ್ಡಿಗೆ ಕಾಗದದ ಪುಸ್ತಕ ಕೊಳ್ಳಿ, ಓದಿದ ಮೇಲೆ ಗ್ರಂಥಾಲಯಕ್ಕೆ ಕೊಡಿ. ಕನ್ನಡ ಮಾತ್ರ ಓದುವವರು, ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಸದ್ಯಕ್ಕೆ ಫೋನಿನ ಆ್ಯಪ್‌ಗಳಲ್ಲೇ ಇರುವುದು ವಾಸಿ. ಅಕ್ಷರ ದೊಡ್ಡದು ಮಾಡಿ, ಬೆಳಕು ತಗ್ಗಿಸಿ, ಡೇಟಾ ಆಫ್ ಮಾಡಿ ಓದಿ. ಎರಡೂ ಭಾಷೆ ಓದುವವರು, ವಾರಕ್ಕೊಂದಾದರೂ ಮುಗಿಸುವವರು, ಏಳು ಪದದ ಪರೀಕ್ಷೆ ಮಾಡಿ ಹಳೆಯದೊಂದನ್ನು ಧಾರಾಳವಾಗಿ ಕೊಳ್ಳಬಹುದು.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ವಿಕಿಸೋರ್ಸ್‌ನಲ್ಲಿ ಒಂದು ಕಡೆ ಹಳೆಯ ಪುಟದ ಸ್ಕ್ಯಾನ್, ಪಕ್ಕದಲ್ಲಿ ಯಂತ್ರ ಗುರುತಿಸಿದ ಅಕ್ಷರ ಇರುತ್ತದೆ. ತಪ್ಪಿದ್ದನ್ನು ಯಾರು ಬೇಕಾದರೂ ತಿದ್ದಬಹುದು, ಹೀಗೆ ಒಂದೊಂದೇ ಪುಟ ತಿದ್ದಿ ಪುಸ್ತಕ ತಯಾರಾಗುತ್ತದೆ. ಬೇಗ ಓದುವವರಿಗೆ ಒಂದು ಪುಟ ತಿದ್ದಲು ಹತ್ತು ನಿಮಿಷ ಸಾಕು. ನಾವು ದಿನಕ್ಕೆ ಎರಡು ಪುಟ ಅಂತ ಶುರು ಮಾಡಿದ್ದೇವೆ, ಒಬ್ಬೊಬ್ಬಳು ಒಂದೊಂದು. ಬೇರೆ ಊರಿನವರು ಯಾರಾದರೂ ಕೈ ಜೋಡಿಸಿದರೆ ಮುಂದಿನ ವರ್ಷ ರಾತ್ರಿ ಹನ್ನೊಂದಕ್ಕೆ ತೆರೆಯಲು ಕನ್ನಡದ್ದೂ ಒಂದಿಷ್ಟು ಇರುತ್ತದೆ.